ಬಳ್ಳಾರಿ ಜಾಲಿ: ಒಂದು ಮರದ ಹೆಸರು, ನೆಲೆ ಮತ್ತು ಬಳಕೆಯ ಇತಿಹಾಸ

೧. ಪೀಠಿಕೆ

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಗಳಲ್ಲಿ ಸಂಚರಿಸಿದವರಿಗೆ ಬಳ್ಳಾರಿ ಜಾಲಿಯನ್ನು ಪರಿಚಯ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ರಸ್ತೆಯ ಇಕ್ಕೆಲಗಳಲ್ಲಿ, ಕೆರೆಯ ಅಂಗಳದಲ್ಲಿ, ಬೀಳುಬಿಟ್ಟ ಹೊಲದಲ್ಲಿ, ರೈಲುದಾರಿಯ ಮಗ್ಗುಲಲ್ಲಿ ಅದು ತಾನೇ ತಾನಾಗಿ ಬೆಳೆದು ನಿಂತಿದೆ. ನೆಟ್ಟವರಿಲ್ಲ, ನೀರೆರೆದವರಿಲ್ಲ, ಕಾವಲು ಕಾದವರಿಲ್ಲ. ಆದುದರಿಂದಲೇ ಅದು ಈ ನೆಲದಲ್ಲಿ ಅನಾದಿಯಿಂದ ಇದ್ದ ಮರವೆಂಬ ಭಾವನೆ ಅನೇಕರಲ್ಲಿ ಬೇರೂರಿದೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಈ ಭಾವನೆ ಇರುವುದನ್ನು ನಾವು ಹಲವು ಸಲ ಕಂಡಿದ್ದೇವೆ.

ಈ ಮರದ ಕನ್ನಡ ಹೆಸರಿನಲ್ಲಿ ಎರಡು ಹೇಳಿಕೆಗಳು ಅಡಗಿವೆ. ಮೊದಲನೆಯದು, ಇದು ಬಳ್ಳಾರಿಯದು ಎಂಬುದು. ಎರಡನೆಯದು, ಇದು ಜಾಲಿ ಎಂಬುದು. ವಿಚಾರ ಮಾಡಿ ನೋಡಿದರೆ ಇವೆರಡೂ ನಿಜವಲ್ಲ. ಇದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಅಲ್ಲಿಂದ ಇದು ಭಾರತಕ್ಕೆ ಬಂದು ಇನ್ನೂ ಎರಡು ಶತಮಾನಗಳು ತುಂಬಿಲ್ಲ. ಇದು ಜಾಲಿಯೂ ಅಲ್ಲ. ನಮ್ಮ ಕರಿಜಾಲಿಯ ಹೂವು ಹಳದಿಯ ದುಂಡು ಚೆಂಡಿನಂತಿರುತ್ತದೆ. ಇದರ ಹೂವು ಬೆರಳುದ್ದದ ತೆನೆಯಂತೆ ಜೋಲುತ್ತದೆ. ಕರಿಜಾಲಿಯ ಕಾಯಿ ಮಣಿಸರದಂತೆ ನಡುನಡುವೆ ಕಿರಿದಾಗಿರುತ್ತದೆ. ಇದರ ಕಾಯಿ ನೀಳವಾಗಿ, ಮಾಗಿದಾಗ ಹಳದಿಯಾಗಿ, ತಿರುಳಿನಲ್ಲಿ ಸಿಹಿಯಾಗಿರುತ್ತದೆ. ಮುಳ್ಳೊಂದನ್ನು ನೋಡಿ ಜನರು ಇದನ್ನು ಜಾಲಿಯ ಬಳಗಕ್ಕೆ ಸೇರಿಸಿದರು.

ಹೆಸರು ತಪ್ಪಾಗಿದ್ದರೆ ಅದನ್ನು ಸಸ್ಯಶಾಸ್ತ್ರಜ್ಞರು ತಿದ್ದಬಹುದು. ಚರಿತ್ರಕಾರನಿಗೆ ತಪ್ಪು ಹೆಸರೂ ಒಂದು ಆಧಾರವೇ. ಈ ಮರಕ್ಕೆ ಯಾರು, ಯಾವಾಗ, ಏನೆಂದು ಹೆಸರಿಟ್ಟರು. ಅದು ಮೂಲತಃ ಎಲ್ಲಿತ್ತು, ಎಲ್ಲೆಲ್ಲಿಗೆ ಹೋಯಿತು. ತವರಿನಲ್ಲಿ ಅದರ ಉಪಯೋಗವೇನಿತ್ತು, ಇಲ್ಲಿ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಬೀಜವು ಸಮುದ್ರವನ್ನು ದಾಟಿ ಬಂದಿತು, ಬೀಜದೊಡನೆ ಬರಬೇಕಾಗಿದ್ದ ತಿಳಿವಳಿಕೆ ಬರಲಿಲ್ಲ ಎಂಬುದು ಈ ಪರಿಶೀಲನೆಯಿಂದ ನಮಗೆ ತೋರಿಬಂದ ಮುಖ್ಯ ಸಂಗತಿ.

೨. ವರ್ಗೀಕರಣದ ಚರಿತ್ರೆ

ಈ ಮರವು ದ್ವಿದಳ ಧಾನ್ಯಗಳ ದೊಡ್ಡ ಕುಟುಂಬಕ್ಕೆ ಸೇರಿದುದು. ತೊಗರಿ, ಹುಣಿಸೆ, ಹೊಂಗೆಗಳೂ ಈ ಕುಟುಂಬದವೇ. ಕುಟುಂಬದೊಳಗೆ ಜಾತಿಗಳೂ, ಜಾತಿಯೊಳಗೆ ಪ್ರಭೇದಗಳೂ ಇರುವುವೆಂಬುದು ಶಾಸ್ತ್ರದ ಕ್ರಮ. ನಮ್ಮ ಅರಣ್ಯ ಗ್ರಂಥಗಳಲ್ಲಿ ಬಳ್ಳಾರಿ ಜಾಲಿಗೆ ಬಹುಕಾಲ ನಡೆದುಬಂದ ಹೆಸರು ಪ್ರಾಸಾಪಿಸ್ ಜೂಲಿಫ್ಲೋರ ಎಂಬುದು. ಇದರಲ್ಲಿ ಮೊದಲನೆಯ ಪದ ಜಾತಿಯ ಹೆಸರು, ಎರಡನೆಯದು ಪ್ರಭೇದದ ಹೆಸರು.

ಪ್ರಾಸಾಪಿಸ್ ಎಂಬ ಜಾತಿಯನ್ನು ಸ್ಥಾಪಿಸಿದವನು ಸ್ವೀಡನ್ ದೇಶದ ಲಿನ್ನೇಯಸ್. ೧೭೬೭ರಲ್ಲಿ ಅವನು ಈ ಹೆಸರನ್ನು ಕೊಟ್ಟುದು ಅಮೆರಿಕದ ಮರಕ್ಕಲ್ಲ, ಭಾರತದ ಮರಕ್ಕೆ. ಅದಕ್ಕೆ ಅವನು ಪ್ರಾಸಾಪಿಸ್ ಸ್ಪಿಸಿಗೆರ ಎಂದು ಹೆಸರಿಟ್ಟನು. ಅದೇ ಮರವನ್ನು ಅವನು ೧೭೫೩ರಲ್ಲಿ ಮಿಮೋಸ ಸಿನೆರೇರಿಯ ಎಂಬ ಬೇರೊಂದು ಹೆಸರಿನಿಂದ ವರ್ಣಿಸಿದ್ದನು. ಎರಡು ವರ್ಣನೆಗಳೂ ಒಂದೇ ಮರದವೆಂಬುದು ನಿಶ್ಚಯವಾದ ಮೇಲೆ, ಹಿಂದಿನ ಹೆಸರಿಗೆ ಮನ್ನಣೆ ಸಲ್ಲಬೇಕೆಂಬ ನಿಯಮದಂತೆ, ೧೯೧೪ರಲ್ಲಿ ಡ್ರೂಸ್ ಎಂಬ ಆಂಗ್ಲ ವಿದ್ವಾಂಸನು ಇವನ್ನು ಜೋಡಿಸಿ ಪ್ರಾಸಾಪಿಸ್ ಸಿನೆರೇರಿಯ ಎಂಬ ಹೆಸರನ್ನು ರೂಢಿಗೆ ತಂದನು. ಸಂಸ್ಕೃತದಲ್ಲಿ ಶಮೀ, ಕನ್ನಡದಲ್ಲಿ ಬನ್ನಿ, ರಾಜಸ್ಥಾನದಲ್ಲಿ ಖೇಜ್ರಿ ಎನಿಸಿಕೊಂಡಿರುವ ಮರವೇ ಅದು. ಕನ್ನಡನಾಡಿನ ಕೆಲವು ಕಡೆಗಳಲ್ಲಿ ಬನ್ನಿಯೆಂಬ ಹೆಸರು ಬೇರೆ ಒಂದು ಮುಳ್ಳುಮರಕ್ಕೂ ಸಲ್ಲುತ್ತದೆ. ಇಲ್ಲಿ ನಾವು ಹೇಳುತ್ತಿರುವುದು ಶಮೀವೃಕ್ಷದ ವಿಷಯವನ್ನು.

ಅಮೆರಿಕದ ಮರವನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವನು ಸ್ವೀಡನ್ನಿನವನೇ ಆದ ಓಲಾಫ್ ಸ್ವಾರ್ಟ್ಸ್. ಅವನು ೧೭೮೦ರ ದಶಕದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಸಂಚರಿಸಿ, ಜಮೈಕದಲ್ಲಿ ಕಂಡ ಮರವನ್ನು ೧೭೮೮ರಲ್ಲಿ ಮಿಮೋಸ ಜೂಲಿಫ್ಲೋರ ಎಂದು ಹೆಸರಿಸಿದನು. ಜೋಲುವ ತೆನೆಯಂತಹ ಹೂಗೊಂಚಲುಳ್ಳದ್ದು ಎಂದು ಈ ಪದದ ಅರ್ಥ. ೧೮೨೫ರಲ್ಲಿ ಜಿನೀವದ ದ ಕಾಂಡೋಲ್ ಇದನ್ನು ಲಿನ್ನೇಯಸನ ಪ್ರಾಸಾಪಿಸ್ ಜಾತಿಯೊಳಕ್ಕೆ ತಂದನು. ಹೀಗೆ ಅಮೆರಿಕದ ಮರವೊಂದು ಭಾರತದ ಬನ್ನಿಗೆ ಶಾಸ್ತ್ರದಲ್ಲಿ ದಾಯಾದಿಯಾಯಿತು. ೧೮೩೮ರಲ್ಲಿ ರಾಫಿನೆಸ್ಕ್ ಎಂಬ ವಿದ್ವಾಂಸನು ಈ ದಾಯಾದಿತನವನ್ನು ಒಪ್ಪದೆ ನೆಲ್ಟುಮ ಎಂಬ ಪ್ರತ್ಯೇಕ ಜಾತಿಯನ್ನು ಕಲ್ಪಿಸಿ, ಜೂಲಿಫ್ಲೋರವನ್ನು ಅದರಲ್ಲಿಟ್ಟನು. ಅವನು ಕಂಡಕಂಡುದಕ್ಕೆಲ್ಲ ಹೊಸ ಹೆಸರಿಡುವವನೆಂಬ ಅಪಖ್ಯಾತಿ ಇದ್ದುದರಿಂದ ಆ ಹೆಸರನ್ನು ಯಾರೂ ಬಹುಕಾಲ ಗಣನೆಗೆ ತರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಂಥಮನಂತಹ ವಿದ್ವಾಂಸರು ಅಮೆರಿಕದ ಅನೇಕ ರೂಪಗಳನ್ನು ಒಂದೇ ಜೂಲಿಫ್ಲೋರದಲ್ಲಿ ಅಡಕಮಾಡಿದರು. ಉತ್ತರ ಅಮೆರಿಕದ ಮೆಸ್ಕೀಟ್ ಮರಗಳನ್ನು ಜಾನ್‌ಸ್ಟನ್ ೧೯೬೨ರಲ್ಲಿ ಬಿಡಿಸಿ ವಿಂಗಡಿಸಿದನು. ಅರ್ಜೆಂಟೀನದ ಆರ್ತೂರೋ ಬುರ್ಕಾರ್ಟ್ ಸಿದ್ಧಪಡಿಸಿದ ಸಮಗ್ರ ಗ್ರಂಥವು ೧೯೭೬ರಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರಾಸಾಪಿಸ್ ಜಾತಿಯ ೪೪ ಪ್ರಭೇದಗಳನ್ನು ಐದು ವಿಭಾಗಗಳಲ್ಲಿ ಹಂಚಲಾಗಿದೆ. ಮುಂದೆ ಜೀವಕೋಶಗಳ ಅಧ್ಯಯನದಿಂದ ಇನ್ನೊಂದು ಗುರುತು ದೊರೆಯಿತು. ಬಳಗದ ಇತರ ಪ್ರಭೇದಗಳಲ್ಲಿ ಸಾಮಾನ್ಯವಾಗಿ ೨೮ ವರ್ಣತಂತುಗಳಿದ್ದರೆ, ಜೂಲಿಫ್ಲೋರದಲ್ಲಿ ಅದರ ಇಮ್ಮಡಿ, ಎಂದರೆ ೫೬ ಇವೆ. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಜೂಲಿಫ್ಲೋರ ಮತ್ತು ಪಲ್ಲಿಡ ಎಂಬ ಪ್ರಭೇದಗಳನ್ನು ಬೇರ್ಪಡಿಸಲು ಇದು ಸಹಾಯಕವಾಯಿತು.

ಈ ಚರಿತ್ರೆಯ ಕೊನೆಯ ಘಟ್ಟ ೨೦೨೨ರದು. ಅನುವಂಶಿಕ ಧಾತುಗಳ ಹೋಲಿಕೆಯನ್ನು ಆಧಾರವಾಗಿಟ್ಟುಕೊಂಡು ಕಾಲಿನ್ ಹ್ಯೂಸ್ ಮತ್ತು ಅವರ ಸಂಗಡಿಗರು ಹಳೆಯ ಪ್ರಾಸಾಪಿಸ್ ಜಾತಿಯನ್ನು ನಾಲ್ಕಾಗಿ ಒಡೆದರು. ಏಷ್ಯ ಮತ್ತು ಅದರ ನೆರೆಹೊರೆಯ ಮೂರು ಪ್ರಭೇದಗಳು ಮಾತ್ರ ಪ್ರಾಸಾಪಿಸ್ ಎಂಬ ಹೆಸರನ್ನು ಉಳಿಸಿಕೊಂಡವು. ಆಫ್ರಿಕದ ಒಂದು ಪ್ರಭೇದ ಬೇರೆಯಾಯಿತು. ಅಮೆರಿಕದವುಗಳಲ್ಲಿ ಸುರುಳಿಕಾಯಿಯ ಬಳಗವೊಂದನ್ನು ಪ್ರತ್ಯೇಕಿಸಿ, ಉಳಿದ ೪೩ ಪ್ರಭೇದಗಳನ್ನು ನೆಲ್ಟುಮಕ್ಕೆ ಸೇರಿಸಲಾಯಿತು. ರಾಫಿನೆಸ್ಕನು ನೂರೆಂಬತ್ತನಾಲ್ಕು ವರ್ಷಗಳ ಹಿಂದೆ ಇಟ್ಟ ಹೆಸರು ಹೀಗೆ ಮರಳಿ ಬಂದಿತು. ಈ ವಿಂಗಡಣೆಯಂತೆ ಬಳ್ಳಾರಿ ಜಾಲಿಯ ಹೆಸರು ನೆಲ್ಟುಮ ಜೂಲಿಫ್ಲೋರ. ಬನ್ನಿಯು ಪ್ರಾಸಾಪಿಸ್ ಆಗಿಯೇ ಉಳಿದಿದೆ. ಇನ್ನೂರು ವರ್ಷಗಳ ಕಾಲ ಒಂದೇ ಮನೆಯ ಹೆಸರನ್ನು ಹೊತ್ತಿದ್ದ ಇವೆರಡೂ ಈಗ ಶಾಸ್ತ್ರದ ದೃಷ್ಟಿಯಿಂದ ಬೇರೆ ಬೇರೆ ಮನೆಯವು.

ಇದು ಕೇವಲ ಪಂಡಿತರ ವಿನೋದವೆಂದು ವಾಚಕರು ಭಾವಿಸಬಾರದು. ಹೆಸರು ಗೊಂದಲಕ್ಕೆ ಬಿದ್ದಾಗ ಒಂದು ಮರದ ಗುಣವನ್ನು ಇನ್ನೊಂದರದೆಂದು ಓದಿ ನೆಡುವ ಅಪಾಯವಿರುತ್ತದೆ. ಸೂಡಾನಿನಲ್ಲಿ ಜೂಲಿಫ್ಲೋರವನ್ನು ಬಹುಕಾಲ ಚಿಲೆನ್ಸಿಸ್ ಎಂಬ ಪ್ರಭೇದವೆಂದೇ ಬರೆಯುತ್ತಿದ್ದರು. ಹವಾಯಿ ದ್ವೀಪಗಳಲ್ಲಿ ೧೮೨೮ರಲ್ಲಿ ಪಾದ್ರಿ ಬಾಷೆಲೋ ಪ್ಯಾರಿಸ್ಸಿನ ರಾಜೋದ್ಯಾನದ ಬೀಜದಿಂದ ಬೆಳೆಸಿದ ಮರಕ್ಕೂ ಹೀಗೆಯೇ ಹಲವು ಹೆಸರುಗಳು ಬಂದವು. ಅದು ಪಲ್ಲಿಡ ಎಂಬುದು ಅನಂತರ ನಿಶ್ಚಯವಾಯಿತು. ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಸಿದ್ಧಪಡಿಸಿದ ಪಟ್ಟಿಯಲ್ಲಿ ಈ ಬಳಗದಿಂದ ಸೇರಿರುವುದು ಗ್ಲಾಂಡುಲೋಸ ಎಂಬ ಪ್ರಭೇದವೇ ಹೊರತು ಜೂಲಿಫ್ಲೋರವಲ್ಲ. ಪಟ್ಟಿಯನ್ನು ನೋಡಿ ನಮ್ಮ ಮರದ ವಿಷಯವನ್ನು ನಿರ್ಧರಿಸುವವರು ಈ ಅಂಶವನ್ನು ಗಮನಿಸುವುದು ಒಳ್ಳೆಯದು.

೩. ಮೂಲನೆಲೆ ಮತ್ತು ಸ್ವಭಾವ

ಮೆಸ್ಕೀಟ್ ಎಂಬ ಪದವು ಮೆಕ್ಸಿಕೋದ ನಹುವಾತ್ಲ್ ಭಾಷೆಯ ಮಿಜ್ಕಿತ್ಲ್ ಎಂಬುದರಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಬಂದುದು. ಸ್ಪೇನಿನವರು ದಕ್ಷಿಣ ಅಮೆರಿಕದ ಇದೇ ಬಳಗದ ಮರಗಳನ್ನು ಅಲ್ಗರೋಬೊ ಎಂದು ಕರೆದರು. ಅಲ್ಗರೋಬೊ ಎಂಬುದು ಅವರ ನಾಡಿನಲ್ಲಿ ಸಿಹಿಕಾಯಿ ಬಿಡುವ ಬೇರೊಂದು ಮರದ ಹೆಸರು. ಅಪರಿಚಿತವಾದುದನ್ನು ಪರಿಚಿತವಾದುದರ ಹೆಸರಿನಿಂದ ಕರೆಯುವುದು ಎಲ್ಲ ನಾಡಿನ ಜನರ ವಾಡಿಕೆ. ಕಾಯಿಯನ್ನು ನೋಡಿ ಸ್ಪೇನಿನವರು ಅಲ್ಗರೋಬೊ ಎಂದರು. ಮುಳ್ಳನ್ನು ನೋಡಿ ನಮ್ಮವರು ಜಾಲಿ ಎಂದರು. ಯಾವುದು ಯಾರ ಕಣ್ಣಿಗೆ ಮೊದಲು ಬಿದ್ದಿತೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸಕ್ತಿ ಬರಲಿದೆ.

ಜೂಲಿಫ್ಲೋರದ ನೆಲೆ ಮೆಕ್ಸಿಕೋದಿಂದ ಮಧ್ಯ ಅಮೆರಿಕದ ಮೂಲಕ ಕೊಲಂಬಿಯ, ವೆನೆಜುವೆಲಗಳ ಒಣ ಕರಾವಳಿಯವರೆಗೆ ಹಬ್ಬಿದೆ. ಅದರ ಉತ್ತರಕ್ಕೆ, ಟೆಕ್ಸಾಸ್ ಮುಂತಾದ ಕಡೆಗಳಲ್ಲಿ, ಗ್ಲಾಂಡುಲೋಸವೂ ಅರಿಜೋನದ ಮರುಭೂಮಿಯಲ್ಲಿ ವೆಲುಟಿನವೂ ಇವೆ. ದಕ್ಷಿಣಕ್ಕೆ ಪೆರು ದೇಶದ ತೀರದಲ್ಲಿ ಪಲ್ಲಿಡ ಇದೆ. ಜೂಲಿಫ್ಲೋರವು ಹಿಮವನ್ನು ತಾಳಲಾರದು. ಬಿಸಿಲು, ಬರ, ಉಪ್ಪುನೆಲಗಳನ್ನು ತಾಳುತ್ತದೆ. ಈ ಬಳಗದ ಬೇರು ನೀರನ್ನು ಅರಸಿ ಎಷ್ಟು ಆಳಕ್ಕೆ ಇಳಿಯಬಲ್ಲುದೆಂಬುದಕ್ಕೆ ಅರಿಜೋನದ ಟೂಸಾನ್ ಪಟ್ಟಣದ ಬಳಿಯ ಗಣಿಯೊಂದರಲ್ಲಿ ದೊರೆತ ನಿದರ್ಶನ ಪ್ರಸಿದ್ಧವಾಗಿದೆ. ಅಲ್ಲಿ ನೆಲದಿಂದ ೫೩ ಮೀಟರು ಆಳದಲ್ಲಿ ಮೆಸ್ಕೀಟಿನ ಬೇರು ಕಂಡುಬಂದಿತೆಂದು ೧೯೬೩ರಲ್ಲಿ ವರದಿಯಾಯಿತು.

ಇದರ ಪ್ರಸಾರದ ಕ್ರಮವೂ ಗಮನಾರ್ಹವಾದುದು. ಸಿಹಿಯಾದ ಕಾಯನ್ನು ದನ, ಕುರಿ, ಮೇಕೆಗಳು ಆಸೆಯಿಂದ ತಿನ್ನುತ್ತವೆ. ಗಟ್ಟಿಯಾದ ಬೀಜವು ಅರಗದೆ, ಸಗಣಿ ಹಿಕ್ಕೆಗಳೊಡನೆ ಹೊರಬಿದ್ದು, ಅದೇ ಗೊಬ್ಬರದಲ್ಲಿ ಮೊಳೆಯುತ್ತದೆ. ಎಲೆಯನ್ನು ಮಾತ್ರ ಅವು ಮೂಸಿಯೂ ನೋಡವು. ಹೀಗಾಗಿ ದನ ಮೇಯುವ ನೆಲದಲ್ಲಿ ಬೀಜ ಬೀಳುತ್ತದೆ, ಸಸಿ ಉಳಿಯುತ್ತದೆ. ಬುಡಕ್ಕೆ ಕಡಿದರೆ ಒಂದರ ಬದಲು ಹಲವು ಕವಲುಗಳು ಚಿಗುರುತ್ತವೆ. ಟೆಕ್ಸಾಸಿನ ಹುಲ್ಲುಗಾವಲುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ದನಗಳ ಮಂದೆಗಳು ಹೆಚ್ಚಿದ ಮೇಲೆ, ಅಲ್ಲಿಯೇ ಹುಟ್ಟಿದ ಗ್ಲಾಂಡುಲೋಸವೂ ತನ್ನ ಹಳೆಯ ಎಲ್ಲೆಯನ್ನು ಮೀರಿ ಹಬ್ಬಿತು.

೪. ತವರಿನ ಬಳಕೆ

ಸ್ಪೇನಿನ ಕಬೇಸ ದೆ ವಾಕನು ೧೫೨೮ರಲ್ಲಿ ಈಗಿನ ಟೆಕ್ಸಾಸಿನ ತೀರದಲ್ಲಿ ನೌಕೆಯನ್ನು ಕಳೆದುಕೊಂಡು, ೧೫೩೬ರವರೆಗೆ ಅಲ್ಲಿನ ಮೂಲನಿವಾಸಿಗಳ ನಡುವೆ ಅಲೆದು ಬದುಕಿಬಂದವನು. ೧೫೪೨ರಲ್ಲಿ ಅಚ್ಚಾದ ಅವನ ವೃತ್ತಾಂತದಲ್ಲಿ ಮೆಸ್ಕೀಟ್ ಕಾಯಿಯ ಊಟದ ವಿಷಯ ಬರುತ್ತದೆ. ಜನರು ನೆಲದಲ್ಲಿ ಗುಂಡಿ ತೋಡಿ, ಕಾಯಿಗಳನ್ನು ಅದರಲ್ಲಿ ಹಾಕಿ, ಮರದ ದಿಮ್ಮಿಯಿಂದ ಕುಟ್ಟಿ, ಸ್ವಲ್ಪ ಮಣ್ಣನ್ನೂ ಬೆರೆಸಿ, ನೀರಿನಲ್ಲಿ ಕಲಸಿ ತಿನ್ನುತ್ತಿದ್ದರೆಂದು ಅವನು ಬರೆದಿದ್ದಾನೆ. ಯುರೋಪಿಯನ್ನನೊಬ್ಬನ ಲೇಖನಿಯಿಂದ ಬಂದ ಅತಿ ಹಳೆಯ ಮೆಸ್ಕೀಟ್ ವರ್ಣನೆಗಳಲ್ಲಿ ಇದೊಂದು. ಅದರ ವಿಷಯ ಸೌದೆಯಲ್ಲ, ಅನ್ನ.

ಅರಿಜೋನದ ಓಧಮ್ ಜನರೂ ಕ್ಯಾಲಿಫೋರ್ನಿಯದ ಕಹುಯ್ಯ ಜನರೂ ಈ ಅನ್ನವನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದರು. ಕಹುಯ್ಯರು ಹೂವನ್ನೂ, ಎಳೆಗಾಯಿಯನ್ನೂ, ಒಣಗಿದ ಕಾಯಿಯನ್ನೂ ಬೇರೆ ಬೇರೆ ಋತುಗಳಲ್ಲಿ ಬೇರೆ ಬೇರೆ ಬಗೆಯಲ್ಲಿ ಉಪಯೋಗಿಸುತ್ತಿದ್ದರು. ಒಣಗಿದ ಕಾಯಿಯನ್ನು ಒರಳಿನಲ್ಲಿ ಕುಟ್ಟಿ ಹಿಟ್ಟು ಮಾಡಿ, ನೀರು ಚಿಮುಕಿಸಿ ಮುದ್ದೆಯನ್ನು ಗಟ್ಟಿಗೊಳಿಸಿ ಇಟ್ಟರೆ ಅದು ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ದೊಡ್ಡ ಬುಟ್ಟಿಗಳ ಕಣಜಗಳಲ್ಲಿ ಕಾಯಿಯನ್ನು ಶೇಖರಿಸುತ್ತಿದ್ದರು. ಮಳೆ ತಪ್ಪಿ ಜೋಳ ಕೈಕೊಟ್ಟ ವರ್ಷದಲ್ಲಿಯೂ ಆಳವಾದ ಬೇರಿನ ಈ ಮರ ಕಾಯಿ ಬಿಡುತ್ತಿತ್ತು. ಒಗರು ಕಾಯಿಯ ಮರ ಯಾವುದು, ಸಿಹಿಕಾಯಿಯ ಮರ ಯಾವುದು ಎಂಬುದನ್ನು ಬಲ್ಲವರು ಅವರು. ಇದರ ಅಂಟು ಔಷಧಕ್ಕೂ ಬಣ್ಣಕ್ಕೂ, ತೊಗಟೆಯ ನಾರು ಹಗ್ಗಕ್ಕೂ, ಗಟ್ಟಿ ಮರ ಕಂಬಗಳಿಗೂ ಒದಗುತ್ತಿತ್ತು. ಪೆರು ದೇಶದ ಉತ್ತರ ಭಾಗದಲ್ಲಿ ಕಾಯಿಯನ್ನು ಕುದಿಸಿ ಬತ್ತಿಸಿದ ಅಲ್ಗರೋಬಿನ ಎಂಬ ಪಾಕವು ಇಂದಿಗೂ ಮಾರಾಟದ ಪದಾರ್ಥವಾಗಿದೆ.

ಪೆರುವಿನ ದಕ್ಷಿಣ ತೀರದ ಇಕ ಕಣಿವೆಯ ಚರಿತ್ರೆ ಇನ್ನೂ ಒಂದು ಪಾಠವನ್ನು ಹೇಳುತ್ತದೆ. ಅಲ್ಲಿ ನಾಸ್ಕ ಸಂಸ್ಕೃತಿಯ ಜನರು ಹುವರಂಗೊ ಎಂಬ ಇದೇ ಬಳಗದ ಮರಗಳ ಕಾಡನ್ನು ಬೇಸಾಯಕ್ಕಾಗಿ ಕ್ರಮೇಣ ಕಡಿದುಹಾಕಿದರು. ಬೇರಿನ ಹಿಡಿತ ತಪ್ಪಿದ ಮಣ್ಣು ಕ್ರಿ.ಶ. ೫೦೦ರ ಸುಮಾರಿಗೆ ಬಂದ ಮಹಾಪ್ರವಾಹಕ್ಕೆ ಸಿಕ್ಕಿ ಕೊಚ್ಚಿಹೋಯಿತೆಂದು ಡೇವಿಡ್ ಬೆರೆಸ್‌ಫೋರ್ಡ್-ಜೋನ್ಸ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರತಿಪಾದಿಸಿದ್ದಾರೆ. ತವರಿನಲ್ಲಿ ಈ ಬಳಗದ ಮರ ಇಲ್ಲವಾದುದರಿಂದ ಕೇಡು ಬಂದಿತು. ಹೊರನಾಡುಗಳಲ್ಲಿ ಅದು ಬಂದುದರಿಂದ ಕೇಡು ಬಂದಿತೆನ್ನುತ್ತಾರೆ. ಒಳಿತು ಕೆಡುಕುಗಳು ಮರದಲ್ಲಿ ಇಲ್ಲ, ಮರಕ್ಕೂ ಜನಕ್ಕೂ ಇರುವ ಸಂಬಂಧದಲ್ಲಿವೆ ಎಂಬುದನ್ನು ಇದು ಸೂಚಿಸುತ್ತದೆ.

೫. ಭಾರತಕ್ಕೆ ಆಗಮನ

ಮದರಾಸು ಪ್ರಾಂತದ ಅರಣ್ಯಾಧಿಕಾರಿಯೂ ಸ್ವತಃ ಸಸ್ಯಶಾಸ್ತ್ರಜ್ಞನೂ ಆಗಿದ್ದ ಕರ್ನಲ್ ಬೆಡ್ಡೋಮನು ಈ ಮರದ ಬೀಜವನ್ನು ತರಿಸಿಕೊಡಬೇಕೆಂದು ೧೮೭೬ರಲ್ಲಿ ಸರ್ಕಾರದ ಕಂದಾಯ ಕಾರ್ಯದರ್ಶಿಗೆ ಬರೆದುಕೊಂಡನು. ಬೀಜ ಬಂದುದು ಜಮೈಕದಿಂದ, ಸ್ವಾರ್ಟ್ಸನು ಈ ಪ್ರಭೇದವನ್ನು ಮೊದಲು ವರ್ಣಿಸಿದ ದ್ವೀಪದಿಂದಲೇ. ೧೮೭೭ರಲ್ಲಿ ಕಡಪ ಜಿಲ್ಲೆಯ ಕಮಲಾಪುರದ ನೆಡುತೋಪಿನಲ್ಲಿ ಅದನ್ನು ಬಿತ್ತಲಾಯಿತು. ಮರುವರ್ಷ ಸಿಂಧ್ ಪ್ರಾಂತದಲ್ಲಿಯೂ ನೆಡುವ ಕೆಲಸ ನಡೆಯಿತು.

ಈ ವರ್ಷಗಳು ಯಾವುವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವು ಮದರಾಸು ಪ್ರಾಂತವನ್ನೂ ಮೈಸೂರು ಸಂಸ್ಥಾನವನ್ನೂ ತಲ್ಲಣಗೊಳಿಸಿದ ಕಾಲ ಅದು. ೧೮೦೦ರಲ್ಲಿ ನಿಜಾಮನು ಕಂಪೆನಿಗೆ ಒಪ್ಪಿಸಿದ ದತ್ತ ಮಂಡಲಗಳಲ್ಲಿ, ಎಂದರೆ ಬಳ್ಳಾರಿ, ಕಡಪ ಮುಂತಾದ ಜಿಲ್ಲೆಗಳಲ್ಲಿ, ಕ್ಷಾಮದ ಹೊಡೆತ ಅತಿ ಘೋರವಾಗಿತ್ತು. ಅದೇ ಕಡಪದ ಮೂಲಕ ಹಾದುಹೋದ ಮದರಾಸು ರೈಲುದಾರಿ ೧೮೭೧ರಲ್ಲಿ ರಾಯಚೂರನ್ನು ಮುಟ್ಟಿತ್ತು. ಆಗ ದಕ್ಷಿಣದ ಉಗಿಬಂಡಿಗಳು ಬಹುಮಟ್ಟಿಗೆ ಸೌದೆಯನ್ನೇ ಉರಿಸುತ್ತಿದ್ದವು. ಅರಣ್ಯ ಇಲಾಖೆಗೆ ಸೌದೆಯ ತೋಪುಗಳನ್ನು ಬೆಳೆಸುವುದು ದೊಡ್ಡ ಕಾರ್ಯವಾಗಿತ್ತು. ಒಣನೆಲದಲ್ಲಿ ಬೇಗ ಬೆಳೆದು ಒಳ್ಳೆಯ ಸೌದೆ ಕೊಡುವ ಮರ ಆ ಇಲಾಖೆಗೆ ವರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಲ್ಲಿ ಒಂದು ವಿಪರ್ಯಾಸವಿದೆ. ಜನರು ಹಸಿವಿನಿಂದ ಸಾಯುತ್ತಿದ್ದ ನಾಡಿಗೆ, ತವರಿನಲ್ಲಿ ಬರಗಾಲದ ಅನ್ನವೆನಿಸಿದ್ದ ಬಳಗದ ಮರವೊಂದು ಬಂದಿಳಿಯಿತು. ಅದು ಅನ್ನವಾಗಿ ಬರಲಿಲ್ಲ, ಸೌದೆಯಾಗಿ ಬಂದಿತು. ಕಾಯಿಯನ್ನು ಕುಟ್ಟಿ, ಜರಡಿ ಹಿಡಿದು, ಹಿಟ್ಟು ಮಾಡುವ ವಿದ್ಯೆಯನ್ನು ಬಲ್ಲ ಹೆಂಗಸರು ಬೀಜದ ಚೀಲದೊಡನೆ ಹಡಗು ಹತ್ತಿರಲಿಲ್ಲ. ಸ್ಪೇನಿನವರು ಕಾಯನ್ನು ಕಂಡರು, ನಮ್ಮವರು ಮುಳ್ಳನ್ನು ಕಂಡರು ಎಂದು ಮೇಲೆ ಹೇಳಿದುದರ ಕಾರಣ ಇಲ್ಲಿದೆ. ನಮ್ಮವರಿಗೆ ಅದನ್ನು ತೋರಿಸಿದವರು ಬೇಲಿಯಾಗಿ, ಉರುವಲಾಗಿ ತೋರಿಸಿದರೇ ವಿನಾ ಆಹಾರವಾಗಿ ತೋರಿಸಲಿಲ್ಲ.

ಮುಂದಿನ ನೆಡುವಿಕೆಗಳೂ ಇದೇ ದಾರಿಯಲ್ಲಿ ನಡೆದವು. ಜೋಧಪುರದ ಸಂಸ್ಥಾನವು ೧೯೪೦ರಲ್ಲಿ ಇದನ್ನು ರಾಜವೃಕ್ಷವೆಂದು ಘೋಷಿಸಿ ರಕ್ಷಣೆ ಕೊಟ್ಟಿತು. ಅದೇ ಜೋಧಪುರದ ಸೀಮೆಯ ಖೇಜಡ್ಲಿ ಗ್ರಾಮದಲ್ಲಿ ೧೭೩೦ರಲ್ಲಿ, ಅರಸನ ಆಳುಗಳು ಖೇಜ್ರಿ ಮರಗಳನ್ನು ಕಡಿಯಲು ಬಂದಾಗ, ಅಮೃತಾದೇವಿ ಮೊದಲಾದ ೩೬೩ ಮಂದಿ ಬಿಷ್ಣೋಯಿಗಳು ಮರಗಳನ್ನು ಅಪ್ಪಿಕೊಂಡು ಪ್ರಾಣ ಬಿಟ್ಟರೆಂದು ಪ್ರಸಿದ್ಧಿ. ಪ್ರಜೆಗಳು ಪ್ರಾಣ ಕೊಟ್ಟುದು ಬನ್ನಿಗಾಗಿ. ಪ್ರಭುತ್ವವು ರಾಜಪದವಿ ಕೊಟ್ಟುದು ಹೊರಗಿನಿಂದ ಬಂದ ಮರಕ್ಕೆ. ಖೇಜ್ರಿಯನ್ನು ರಾಜಸ್ಥಾನವು ತನ್ನ ರಾಜ್ಯವೃಕ್ಷವೆಂದು ಸ್ವೀಕರಿಸಿದುದು ೧೯೮೩ರಲ್ಲಿ. ಗುಜರಾತಿನ ಕಚ್ಛ್ ಪ್ರದೇಶದ ಬನ್ನಿ ಎಂಬ ಹುಲ್ಲುಗಾವಲಿನಲ್ಲಿ, ಉಪ್ಪಿನ ರಣವು ಮುಂದೊತ್ತಿ ಬರುವುದನ್ನು ತಡೆಯಲೆಂದು, ೧೯೬೧ರ ಸುಮಾರಿಗೆ ೩೧,೫೫೦ ಹೆಕ್ಟೇರುಗಳಷ್ಟು ನೆಲದಲ್ಲಿ ಜೂಲಿಫ್ಲೋರವನ್ನು ಬಿತ್ತಲಾಯಿತು. ಹುಲ್ಲುಗಾವಲಿನ ಈ ಹೆಸರಿಗೂ ನಮ್ಮ ಬನ್ನಿಮರಕ್ಕೂ ಸಂಬಂಧವಿಲ್ಲ. ಎಮ್ಮೆಗಳನ್ನು ಮೇಯಿಸಿ ಬದುಕುವ ಮಾಲಧಾರಿಗಳ ಮೇವಿನ ನೆಲವನ್ನು ಆ ಮರ ಬಹುವಾಗಿ ಆಕ್ರಮಿಸಿತು.

೬. ಹೆಸರುಗಳ ಸಾಕ್ಷ್ಯ

ಭಾರತದ ಭಾಷೆಗಳು ಈ ಮರಕ್ಕೆ ಇಟ್ಟ ಹೆಸರುಗಳನ್ನು ಒಟ್ಟಿಗೆ ಓದಿದರೆ ಒಂದು ಸಣ್ಣ ಚರಿತ್ರೆಯೇ ದೊರೆಯುತ್ತದೆ. ಹಿಂದಿಯಲ್ಲಿ ಇದು ವಿಲಾಯತಿ ಕೀಕರ್, ವಿಲಾಯತಿ ಬಬೂಲ್. ತಮಿಳಿನಲ್ಲಿ ಸೀಮೈ ಕರುವೇಲಂ. ಇವೆರಡೂ ಇದು ಪರದೇಶದಿಂದ ಬಂದುದೆಂಬ ನೆನಪನ್ನು ಕಾಯ್ದುಕೊಂಡಿವೆ. ತೆಲುಗಿನಲ್ಲಿ ಸರ್ಕಾರು ತುಮ್ಮ. ತಂದವರು ಯಾರೆಂಬುದನ್ನು ತೆಲುಗರು ಮರೆಯಲಿಲ್ಲ. ಗುಜರಾತಿಯಲ್ಲಿ ಗಾಂಡೊ ಬಾವಳ, ಮರಾಠಿಯಲ್ಲಿ ವೇಡೀ ಬಾಭೂಳ. ಎರಡರ ಅರ್ಥವೂ ಹುಚ್ಚು ಜಾಲಿ. ಹಿಡಿತಕ್ಕೆ ಸಿಕ್ಕದೆ ಹಬ್ಬುವ ಅದರ ನಡತೆ ಈ ಹೆಸರುಗಳಲ್ಲಿ ದಾಖಲೆಯಾಗಿದೆ.

ಕನ್ನಡದ ಹೆಸರು ಮಾತ್ರ ಬೇರೆ ದಾರಿಯನ್ನು ಹಿಡಿದಿದೆ. ಅದರಲ್ಲಿ ಪರದೇಶದ ಸುಳಿವಿಲ್ಲ, ಸರ್ಕಾರದ ಸುಳಿವಿಲ್ಲ, ಹುಚ್ಚಿನ ಸುಳಿವೂ ಇಲ್ಲ. ಬಳ್ಳಾರಿಯು ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಮದರಾಸಿನ ಜಿಲ್ಲೆಯಾಗಿತ್ತು. ಕಡಪದ ನೆರೆಯ ಆ ಒಣಸೀಮೆಯ ಕಡೆಯಿಂದ ಮರವು ಬರುವುದನ್ನು ಕಂಡ ಕನ್ನಡಿಗರು ಕಣ್ಣಿಗೆ ಕಾಣುವ ಕೊನೆಯ ಊರನ್ನೇ ಅದರ ತವರೆಂದು ತಿಳಿದರೆಂದು ಊಹಿಸುವುದು ಅಸಂಗತವಾಗಲಾರದು. ನೆರೆಯವನಂತೆ ಬಂದುದರಿಂದ ಅದು ನೆರೆಯ ಊರಿನ ಹೆಸರನ್ನು ಪಡೆಯಿತು. ತತ್ಫಲವಾಗಿ, ಒಂದು ಆಡಳಿತ ನಿರ್ಣಯದಿಂದ ಬಂದ ಮರವು ನಿಸರ್ಗದ ಕೊಡುಗೆಯೆಂಬಂತೆ ನಮ್ಮ ನೆನಪಿನಲ್ಲಿ ಉಳಿದುಕೊಂಡಿತು.

೭. ಇಲ್ಲಿಯ ಬಳಕೆ ಮತ್ತು ಬಾಧೆ

ಬಳ್ಳಾರಿ ಜಾಲಿಯ ಉಪಕಾರವನ್ನು ಮರೆಮಾಚಿದರೆ ಚರಿತ್ರೆಗೆ ಅಪಚಾರವಾದೀತು. ಒಣಸೀಮೆಯ ಬಡವರ ಒಲೆಗೆ ಇದು ಮುಖ್ಯ ಸೌದೆ. ಹಸಿಯಾಗಿದ್ದರೂ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಇದರ ಇದ್ದಿಲು ಪೇಟೆಗಳಿಗೆ ಹೋಗುತ್ತದೆ. ಇಟ್ಟಿಗೆಯ ಗೂಡುಗಳಲ್ಲಿ ಇದರ ಕೊರಡು ಉರಿಯುತ್ತದೆ. ಮುಳ್ಳು ಹೊಲಕ್ಕೆ ಬೇಲಿಯಾಗುತ್ತದೆ. ಹೂವಿಗೆ ಜೇನುಹುಳುಗಳು ಮುತ್ತುತ್ತವೆ. ಬೇಸಗೆಯಲ್ಲಿ ಹುಲ್ಲು ಒಣಗಿದಾಗ ಕಾಯಿ ಕುರಿ ಮೇಕೆಗಳ ಹೊಟ್ಟೆ ತುಂಬಿಸುತ್ತದೆ. ಭೂಮಿಯಿಲ್ಲದವರಿಗೆ, ಕೆಲಸವಿಲ್ಲದ ತಿಂಗಳುಗಳಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಕಡಿದು ಮಾರಬಹುದಾದ ಸ್ವತ್ತು ಇದೊಂದೇ ಎಂದರೂ ಸಲ್ಲುತ್ತದೆ.

ಬಾಧೆಗಳೂ ಅಷ್ಟೇ ನಿಜವಾದುವು. ಕೆರೆಯ ಅಂಗಳವನ್ನೂ ಗೋಮಾಳವನ್ನೂ ಇದು ಆವರಿಸಿಕೊಂಡರೆ ದನಗಳಿಗೆ ಹುಲ್ಲಿಲ್ಲದಂತಾಗುತ್ತದೆ. ಇದರ ನೆರಳಿನಲ್ಲಿ ಇತರ ಸಸಿಗಳು ಏಳುವುದು ಕಷ್ಟ. ಇದೇ ಅಂಶದಲ್ಲಿ ಬನ್ನಿಯೊಡನೆ ಹೋಲಿಸಿ ನೋಡಬೇಕು. ರಾಜಸ್ಥಾನದ ರೈತರು ಖೇಜ್ರಿಯನ್ನು ಹೊಲದ ನಡುವೆಯೇ ಉಳಿಸಿಕೊಳ್ಳುತ್ತಾರೆ. ಅದರ ಕೆಳಗೆ ಸಜ್ಜೆ ಬೆಳೆಯುತ್ತದೆ, ಸೊಪ್ಪು ಮೇವಾಗುತ್ತದೆ, ಎಳೆಗಾಯಿ ಸಾಂಗ್ರಿಯೆಂಬ ಪಲ್ಯವಾಗುತ್ತದೆ. ಶತಮಾನಗಳ ಸಹವಾಸದಿಂದ ಹುಟ್ಟಿದ ತಿಳಿವಳಿಕೆ ಅದು. ಬಳ್ಳಾರಿ ಜಾಲಿಯ ಸುತ್ತ ಅಂತಹ ತಿಳಿವಳಿಕೆ ಬೆಳೆಯಲು ನಮ್ಮಲ್ಲಿ ಅವಕಾಶವಾಗಲಿಲ್ಲ.

ಇತರ ದೇಶಗಳ ಅನುಭವವೂ ಹೀಗೆಯೇ ಇದೆ. ಸೂಡಾನಿಗೆ ಇದು ಬಂದುದು ೧೯೧೭ರಲ್ಲಿ. ೧೯೯೫ರಲ್ಲಿ ಅಲ್ಲಿನ ಸರ್ಕಾರ ಇದರ ನಿರ್ಮೂಲನಕ್ಕೆ ತೀರ್ಮಾನಿಸಿತು. ಕೀನ್ಯದ ಬರಿಂಗೊ ಪ್ರದೇಶದಲ್ಲಿ ೧೯೮೦ರ ದಶಕದ ಆರಂಭದಲ್ಲಿ ಸೌದೆಗಾಗಿ ನೆಟ್ಟ ಮರ ಮೇವಿನ ನೆಲವನ್ನು ಮುಚ್ಚಿದಾಗ, ಇಲ್‌ಚಾಮುಸ್ ಸಮುದಾಯದವರು ೨೦೦೬ರಲ್ಲಿ ಸರ್ಕಾರದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಸಿಹಿಕಾಯಿ ತಿಂದು ಹಲ್ಲು ಕಳೆದುಕೊಂಡ ಮೇಕೆಯೊಂದನ್ನು ಸಾಕ್ಷ್ಯವಾಗಿ ತಂದು ನಿಲ್ಲಿಸಿದರೆಂದು ಆಗ ವರದಿಯಾಯಿತು. ತಮಿಳುನಾಡಿನಲ್ಲಿ ಇದನ್ನು ಕಿತ್ತುಹಾಕುವ ವಿಷಯ ೨೦೧೭ರಲ್ಲಿ ಉಚ್ಚ ನ್ಯಾಯಾಲಯದ ಆದೇಶಗಳವರೆಗೆ ಹೋಯಿತು. ಕಚ್ಛಿನಲ್ಲಿ ೨೦೦೪ರಲ್ಲಿ ಇದ್ದಿಲು ಸುಡುವುದರ ಮೇಲಿದ್ದ ನಿರ್ಬಂಧವನ್ನು ತೆಗೆದು, ೨೦೦೮ರಲ್ಲಿ ಮತ್ತೆ ಹೇರಲಾಯಿತು. ಆ ನಡುವಣ ವರ್ಷಗಳಲ್ಲಿ ಇದ್ದಿಲೇ ಅಲ್ಲಿನ ಅನೇಕ ಕುಟುಂಬಗಳ ಸಂಪಾದನೆಯಾಗಿತ್ತು. ಮೇವು ಕಳೆದುಕೊಂಡವರೂ ಇದ್ದಿಲು ಸುಟ್ಟವರೂ ಬಹುಮಟ್ಟಿಗೆ ಅದೇ ಜನರು ಎಂಬುದನ್ನು ಗಮನಿಸಿದರೆ ಪ್ರಶ್ನೆಯ ಜಟಿಲತೆ ಮನವರಿಕೆಯಾಗುತ್ತದೆ.

೮. ಉಪಸಂಹಾರ

ಮೇಲ್ಕಂಡ ಸಂಗತಿಗಳಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬಳ್ಳಾರಿ ಜಾಲಿಯು ನಮ್ಮ ನಾಡಿನ ನಿಸರ್ಗದ ಭಾಗವಾಗುವ ಮುಂಚೆ ನಮ್ಮ ನಾಡಿನ ಆಡಳಿತದ ಭಾಗವಾಗಿತ್ತು. ಅದರ ಹುಟ್ಟನ್ನು ಅರಣ್ಯದಲ್ಲಿ ಹುಡುಕುವುದಕ್ಕಿಂತ ಕಡತದಲ್ಲಿ ಹುಡುಕುವುದು ಯುಕ್ತ. ಎರಡನೆಯದಾಗಿ, ಬೀಜವನ್ನು ತರಿಸಿದವರು ಅದರ ಒಂದು ಗುಣವನ್ನು ಮಾತ್ರ ತರಿಸಿದರು. ಓಧಮ್ ಜನರಿಗೆ ಮೆಸ್ಕೀಟ್ ಕಣಜವಾಗಿತ್ತು. ಮದರಾಸು ಇಲಾಖೆಗೆ ಅದರ ಬಳಗದ ಮರ ಸೌದೆಯ ರಾಶಿಯಾಗಿತ್ತು. ಮರ ಎರಡೂ ಕಡೆ ತನ್ನ ಸ್ವಭಾವದಂತೆಯೇ ಬೆಳೆಯಿತು.

ಇದನ್ನು ಬೇರುಸಹಿತ ತೆಗೆಯಬೇಕೆಂಬ ವಾದವು ಇಂದು ಪ್ರಬಲವಾಗಿದೆ. ಅದನ್ನು ನಿರ್ಣಯಿಸುವುದು ಇತಿಹಾಸ ವಿಭಾಗದ ಕೆಲಸವಲ್ಲ. ಆದರೆ ಚರಿತ್ರೆಯ ಅಧ್ಯಾಪಕರಾಗಿ ಒಂದು ಮಾತನ್ನು ನಾವು ಹೇಳಬಹುದು. ೧೮೭೭ರಲ್ಲಿ ಮರವನ್ನು ನೆಡುವಾಗ ಆ ನೆಲದ ಕುರಿಗಾಹಿಯನ್ನು ಯಾರೂ ಕೇಳಲಿಲ್ಲ. ಈಗ ಅದನ್ನು ಕೀಳುವಾಗ ಸೌದೆ ಹೊರುವ ಹೆಂಗಸನ್ನು ಕೇಳದೆ ಹೋದರೆ, ಹಳೆಯ ತಪ್ಪನ್ನು ತಲೆಕೆಳಗಾಗಿ ಮತ್ತೊಮ್ಮೆ ಮಾಡಿದಂತಾಗುತ್ತದೆ.

ಪ್ರತಿ ವಿಜಯದಶಮಿಯಂದು ಮೈಸೂರಿನ ಮೆರವಣಿಗೆ ಬನ್ನಿಮಂಟಪದಲ್ಲಿ ಮುಗಿಯುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಜನರು ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಂಡು, ಹಿರಿಯರ ಕಾಲು ಮುಟ್ಟುತ್ತಾರೆ. ಪಾಂಡವರು ಆಯುಧಗಳನ್ನು ಅಡಗಿಸಿಟ್ಟ ಮರವೆಂಬ ಕಥೆ ಆ ಎಲೆಯೊಡನೆ ಕೈಯಿಂದ ಕೈಗೆ ಸಾಗುತ್ತದೆ. ಅದೇ ಊರಿನ ಹೊರಗೆ, ಹಬ್ಬದ ಅಡಿಗೆಗೆ ಬೇಕಾದ ಸೌದೆಯನ್ನು ಬಳ್ಳಾರಿ ಜಾಲಿ ಕೊಡುತ್ತದೆ, ಅದಕ್ಕೆ ಕಥೆಯಿಲ್ಲ. ಕಥೆಯಿಲ್ಲದ ಮರಕ್ಕೂ ಚರಿತ್ರೆಯುಂಟು. ಅದನ್ನು ತರಗತಿಯಲ್ಲಿ ಹೇಳಿಕೊಡುವ ಕೆಲಸ ನಮ್ಮ ಪಾಲಿನದು. ತಮ್ಮ ಊರಿನ ಕೆರೆಯಂಗಳದಲ್ಲಿ ನಿಂತಿರುವ ಈ ಮರ ಯಾವಾಗ ಬಂದಿತು, ಅದಕ್ಕೆ ಮುಂಚೆ ಅಲ್ಲಿ ಏನು ಮೇಯುತ್ತಿತ್ತು ಎಂದು ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಕೇಳಿ ಬರೆದು ತಂದರೆ, ಈ ಲೇಖನದ ಶ್ರಮ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.